ನೀರು ಕಾಯ್ದ ಕಾಡು

ಮುಂಬಯಿ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ಕಿಕ್ಕಿರಿದ ಲೋಕಲ್ ರೈಲು, ಚಾಳುಗಳು, ಮುಗಿಲು ಮುಟ್ಟುವ ಕಟ್ಟಡಗಳು, ಮಾಟುಂಗದ ಉಡುಪಿ ಹೋಟೆಲುಗಳು. ಅದೇ ಮುಂಬಯಿಯ ಬೋರಿವಲಿ ನಿಲ್ದಾಣದಲ್ಲಿ ಇಳಿದು ಪೂರ್ವ ದಿಕ್ಕಿಗೆ ಸ್ವಲ್ಪ ದೂರ ನಡೆದರೆ ಹೆದ್ದಾರಿಯ ಆಚೆ ಒಂದು ಕಾಡಿನ ಹೆಬ್ಬಾಗಿಲು ಸಿಗುತ್ತದೆ. ಅದು ನಗರಸಭೆಯವರು ಗಿಡ ನೆಟ್ಟು ಬೆಳೆಸಿದ ಉದ್ಯಾನವಲ್ಲ. ಬೆಟ್ಟ, ಕಣಿವೆ, ಹಳ್ಳ, ಕೆರೆಗಳಿರುವ ನಿಜವಾದ ಕಾಡು. ಅದರೊಳಗೆ ಜಿಂಕೆ, ಕಡವೆಗಳಿವೆ. ಮೊಸಳೆಗಳಿವೆ. ರಾತ್ರಿಯಾದರೆ ನಗರದ ಗೋಡೆಗಳ ಮೇಲೆ ಸದ್ದಿಲ್ಲದೆ ನಡೆಯುವ ಚಿರತೆಗಳಿವೆ.

ಇದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ನೂರು ಚದರ ಕಿಲೋಮೀಟರಿಗೂ ಮಿಗಿಲಾದ ವಿಸ್ತಾರ. ಪಶ್ಚಿಮಕ್ಕೆ ಬೋರಿವಲಿ, ಕಾಂದಿವಲಿ, ಮಲಾಡ್, ಗೋರೆಗಾಂವ್. ಪೂರ್ವಕ್ಕೆ ಮುಲುಂಡ್, ಭಾಂಡುಪ್ ಮತ್ತು ಠಾಣೆ. ಮೂರು ಕಡೆಯಿಂದ ಎರಡು ಮಹಾನಗರಗಳು ಒತ್ತಿಕೊಂಡು ನಿಂತಿವೆ. ಉತ್ತರದಲ್ಲಿ ಮಾತ್ರ ಘೋಡ್‌ಬಂದರ್ ರಸ್ತೆ ಮತ್ತು ವಸಾಯಿ ಖಾರಿಯನ್ನು ದಾಟಿದರೆ ತುಂಗಾರೇಶ್ವರದ ಕಾಡು ಸಿಗುತ್ತದೆ. ಅಂಗೈ ಅಗಲದ ಜಾಗಕ್ಕೂ ಲಕ್ಷಗಟ್ಟಲೆ ಬೆಲೆ ಕಟ್ಟುವ ಊರಿನಲ್ಲಿ ಇಷ್ಟೊಂದು ನೆಲ ಕಾಡಾಗಿಯೇ ಉಳಿದದ್ದಾದರೂ ಹೇಗೆ?

ಕಾಡಿನ ಮೇಲಿನ ಪ್ರೀತಿಯಿಂದ ಉಳಿಸಿದರು ಎಂದು ಹೇಳುವುದು ಸುಲಭ. ಆದರೆ ಚರಿತ್ರೆ ಹೇಳುವುದು ಬೇರೆ. ಈ ಕಾಡನ್ನು ಕಾಯ್ದದ್ದು ಮುಖ್ಯವಾಗಿ ನೀರು.

ಕಾಡಿನ ಒಳಗೆ

ಮುಂಬಯಿಯ ಉತ್ತರಾರ್ಧ ಹಿಂದೆ ಸಾಲ್ಸೆಟ್ ಎಂಬ ಪ್ರತ್ಯೇಕ ದ್ವೀಪವಾಗಿತ್ತು. ಸ್ಥಳೀಯರ ಬಾಯಲ್ಲಿ ಅದು ಸಾಷ್ಟಿ. ಇದರ ನಡುವೆ ಬೆನ್ನೆಲುಬಿನಂತೆ ಎದ್ದ ಕಪ್ಪುಕಲ್ಲಿನ ಬೆಟ್ಟಸಾಲೇ ಇಂದಿನ ಉದ್ಯಾನ. ಇಲ್ಲಿನ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 450 ಮೀಟರಿಗೂ ಹೆಚ್ಚು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಸಹ್ಯಾದ್ರಿಯನ್ನು ಮುಟ್ಟುವ ಮೊದಲೇ ಈ ಬೆಟ್ಟಗಳ ಮೇಲೆ ಧಾರಾಳವಾಗಿ ಸುರಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳಕೊಳ್ಳಗಳು ತುಂಬಿ ಹರಿಯುತ್ತವೆ. ಉಳಿದ ಎಂಟು ತಿಂಗಳು ಹೆಚ್ಚುಕಡಿಮೆ ಒಣ ಹವೆ.

ನಾಲ್ಕು ತಿಂಗಳ ಮಳೆ, ಎಂಟು ತಿಂಗಳ ಬಿಸಿಲು ಎಂಬ ಈ ಲೆಕ್ಕಕ್ಕೆ ಹೊಂದಿಕೊಂಡ ಕಾಡು ಇದು. ಬೇಸಗೆಯಲ್ಲಿ ಎಲೆ ಉದುರಿಸುವ ತೇಗ, ಮುತ್ತುಗ, ಬೂರುಗಗಳು ಇಳಿಜಾರುಗಳಲ್ಲಿವೆ. ನೀರಿನ ಪಸೆ ಇರುವ ಕಣಿವೆಗಳಲ್ಲಿ ವರ್ಷವಿಡೀ ಹಸಿರಾಗಿರುವ ಮರಗಳ ಗುಂಪುಗಳಿವೆ. ಕದಂಬ, ಬಿದಿರು ಧಾರಾಳವಾಗಿವೆ. ಖಾರಿಯ ಕಡೆಗೆ ಇಳಿದರೆ ಉಪ್ಪುನೀರಿನಲ್ಲಿ ಬೇರೂರಿದ ಕಾಂಡ್ಲಾ ಗಿಡಗಳು. ಬೆಟ್ಟದ ಇಳಿಜಾರುಗಳಲ್ಲಿ ದಟ್ಟವಾಗಿ ಬೆಳೆಯುವ ಕಾರ್ವಿ ಎಂಬ ಪೊದೆಯೊಂದು ಇಲ್ಲಿನ ವಿಶೇಷ. ಮಲೆನಾಡಿನ ಗುರಿಗೆ ಹೂವಿನ ಬಳಗಕ್ಕೆ ಸೇರಿದ ಈ ಗಿಡ ಏಳು ವರ್ಷ ಸುಮ್ಮನಿದ್ದು ಎಂಟನೆಯ ವರ್ಷ ಎಲ್ಲ ಒಟ್ಟಿಗೆ ಹೂ ಬಿಡುತ್ತದೆ. ಬೀಜ ಕಟ್ಟಿ ಒಟ್ಟಿಗೇ ಸಾಯುತ್ತದೆ. 2016ರಲ್ಲಿ ಇಲ್ಲಿನ ಗುಡ್ಡಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಮತ್ತೆ ಹೂ ಕಂಡದ್ದು 2024ರಲ್ಲಿ. ಒಣಗಿದ ಕಾರ್ವಿಯ ಕಡ್ಡಿಗಳನ್ನು ಹೆಣೆದು, ಮಣ್ಣು ಮೆತ್ತಿ, ಗುಡಿಸಲಿನ ಗೋಡೆ ಕಟ್ಟುವುದು ಇಲ್ಲಿನ ಆದಿವಾಸಿಗಳ ಹಳೆಯ ರೂಢಿ.

ಸಾವಿರಕ್ಕೂ ಹೆಚ್ಚು ಬಗೆಯ ಸಸ್ಯಗಳು, 250ಕ್ಕೂ ಹೆಚ್ಚು ಬಗೆಯ ಹಕ್ಕಿಗಳು, 150ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳು ಇಲ್ಲಿ ದಾಖಲಾಗಿವೆ. ಜಿಂಕೆ, ಕಡವೆ, ಕಾಡುಕುರಿಗಳಲ್ಲದೆ ಮೊಲದ ಗಾತ್ರದ, ನಾಚಿಕೆ ಸ್ವಭಾವದ ಕೂರವೂ ಇದೆ. ಪುನುಗು ಬೆಕ್ಕು, ಲಂಗೂರ, ಕೋಡಗ, ಹೆಬ್ಬಾವುಗಳಿವೆ. ಬೆಕ್ಕಿನ ಜಾತಿಯಲ್ಲೇ ಅತ್ಯಂತ ಚಿಕ್ಕವುಗಳಲ್ಲಿ ಒಂದಾದ ತುಕ್ಕು ಬಣ್ಣದ ಚುಕ್ಕೆಗಳ ಕಾಡುಬೆಕ್ಕು ಕೂಡ ಇಲ್ಲಿ ಕ್ಯಾಮರಾಕ್ಕೆ ಸಿಕ್ಕಿದೆ. ಹುಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲೇ ಇಲ್ಲವಾಯಿತು. ಈಗ ಪ್ರವಾಸಿಗರು ಬಸ್ಸಿನಲ್ಲಿ ಕುಳಿತು ನೋಡುವ ಹುಲಿ, ಸಿಂಹಗಳು ಬೇಲಿಯೊಳಗೆ ಸಾಕಿದವು. ಸ್ವತಂತ್ರವಾಗಿ ಬದುಕುತ್ತಿರುವ ದೊಡ್ಡ ಬೇಟೆಗಾರ ಎಂದರೆ ಚಿರತೆ ಒಂದೇ.

ನೃಪತುಂಗನ ಕಾಲದ ಕೃಷ್ಣಗಿರಿ

ಈ ಬೆಟ್ಟದ ನೀರನ್ನು ಮೊದಲು ಕೂಡಿಟ್ಟವರು ಬ್ರಿಟಿಷ್ ಎಂಜಿನಿಯರರಲ್ಲ, ಬೌದ್ಧ ಭಿಕ್ಷುಗಳು. ಕಾಡಿನ ನಟ್ಟನಡುವೆ ಇರುವ ಕಾನ್ಹೇರಿಯಲ್ಲಿ ಬಂಡೆಯನ್ನು ಕೊರೆದು ಮಾಡಿದ ನೂರಕ್ಕೂ ಹೆಚ್ಚು ಗುಹೆಗಳಿವೆ. ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ ಶುರುವಾದ ಈ ವಿಹಾರ ಸುಮಾರು ಸಾವಿರ ವರ್ಷ ನಡೆಯಿತು. ಕಪ್ಪುಕಲ್ಲಿನ ಬೆಟ್ಟವಾದ್ದರಿಂದ ಇದಕ್ಕೆ ಕೃಷ್ಣಗಿರಿ ಎಂದು ಹೆಸರು. ಪ್ರಾಕೃತದಲ್ಲಿ ಅದು ಕನ್ಹಗಿರಿಯಾಗಿ, ಜನರ ಬಾಯಲ್ಲಿ ಕಾನ್ಹೇರಿ ಆಯಿತು.

ಬಂದರುಗಳಿಂದ ಘಟ್ಟದ ಮೇಲಿನ ಪಟ್ಟಣಗಳಿಗೆ ಹೋಗುವ ವ್ಯಾಪಾರದ ದಾರಿಗೆ ಇದು ಹತ್ತಿರ. ವರ್ತಕರು ಕೈಬಿಚ್ಚಿ ದಾನ ಕೊಟ್ಟರು. ಆದರೆ ಮಳೆಗಾಲ ಮುಗಿದ ಮೇಲೆ ಕಲ್ಲುಬೆಟ್ಟದ ಮೇಲೆ ನೂರಾರು ಭಿಕ್ಷುಗಳಿಗೆ ಕುಡಿಯುವ ನೀರು ಎಲ್ಲಿಂದ ಬರಬೇಕು? ಅವರು ಬೆಟ್ಟದ ಮೈಮೇಲೆ ಸಣ್ಣ ಸಣ್ಣ ಕಾಲುವೆಗಳನ್ನು ಕಡಿದರು. ಬಂಡೆಯ ಮೇಲೆ ಬಿದ್ದ ಮಳೆನೀರು ಆ ಕಾಲುವೆಗಳಲ್ಲಿ ಹರಿದು ಗುಹೆಗಳ ಮುಂದಿನ ತೊಟ್ಟಿಗಳಲ್ಲಿ ನಿಲ್ಲುವಂತೆ ಮಾಡಿದರು. ಹೆಚ್ಚಿನ ಗುಹೆಗಳಿಗೆ ಒಂದೊಂದು ತೊಟ್ಟಿ. ಇಂದು ಮಳೆನೀರು ಕೊಯ್ಲು ಎಂದು ಸರಕಾರಗಳು ಕಾನೂನು ಮಾಡಿ ಹೇಳುತ್ತಿರುವುದನ್ನು ಇಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಅಂಥ ಒಂದು ತೊಟ್ಟಿಯ ಬಳಿ ಇರುವ, ಎರಡನೆಯ ಶತಮಾನದ ಶಾಸನವೊಂದು ಶಾತವಾಹನ ದೊರೆ ವಾಸಿಷ್ಠೀಪುತ್ರ ಶಾತಕರ್ಣಿಯ ರಾಣಿಯನ್ನು ಹೆಸರಿಸುತ್ತದೆ. ಆಕೆ ಶಕ ಮಹಾಕ್ಷತ್ರಪನ ಮಗಳು. ತಮ್ಮಲ್ಲೇ ಕಾದಾಡುತ್ತಿದ್ದ ಎರಡು ರಾಜಮನೆತನಗಳು ನೆಂಟಸ್ತನ ಬೆಳೆಸಿದ್ದವು ಎಂಬ ಮಹತ್ವದ ಸಂಗತಿ ಚರಿತ್ರಕಾರರಿಗೆ ತಿಳಿದದ್ದು ಒಂದು ನೀರಿನ ತೊಟ್ಟಿಯಿಂದ!

ಕನ್ನಡಿಗರಿಗೆ ಈ ಬೆಟ್ಟದೊಡನೆ ಇನ್ನೊಂದು ನಂಟಿದೆ. ಒಂಬತ್ತನೆಯ ಶತಮಾನದಲ್ಲಿ ಕೊಂಕಣವನ್ನು ಆಳುತ್ತಿದ್ದವರು ರಾಷ್ಟ್ರಕೂಟರ ಸಾಮಂತರಾದ ಶಿಲಾಹಾರರು. ಅವರಲ್ಲಿ ಪುಲ್ಲಶಕ್ತಿ ಮತ್ತು ಆತನ ಮಗ ಕಪರ್ದಿಯ ಕಾಲದ ಶಾಸನಗಳು ಕಾನ್ಹೇರಿಯ ಗುಹೆಗಳಲ್ಲಿವೆ. ಅವುಗಳಲ್ಲಿ ಚಕ್ರವರ್ತಿಯೆಂದು ಹೆಸರಿಸಿರುವುದು ಅಮೋಘವರ್ಷನನ್ನು, ಅಂದರೆ ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ಒಡೆಯ ನೃಪತುಂಗನನ್ನು. ಗುಹೆಗಳ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಗಳಿಗೆ ಹಣ ಕೊಟ್ಟ ವಿಚಾರ ಅಲ್ಲಿ ದಾಖಲಾಗಿದೆ. ಮಾನ್ಯಖೇಟದಲ್ಲಿ ಕನ್ನಡದ ಮೊದಲ ಲಕ್ಷಣಗ್ರಂಥ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಅದೇ ದೊರೆಯ ರಾಜ್ಯದ ಈ ಕಾಡಿನಲ್ಲಿ ಬೌದ್ಧರು ನೆಮ್ಮದಿಯಿಂದ ಓದುತ್ತಿದ್ದರು.

ಬಾಯಾರಿದ ನಗರ

ಕಾನ್ಹೇರಿಯ ವಿಹಾರ ಬರಿದಾದ ಮೇಲೆ ಬೆಟ್ಟ ಕಾಡಿಗೂ ಆದಿವಾಸಿಗಳಿಗೂ ಉಳಿಯಿತು. ಮತ್ತೆ ಅದರ ಕಡೆ ನಗರದ ಕಣ್ಣು ಹೊರಳಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದೂ ಬಾಯಾರಿಕೆಯಿಂದ.

ಹಳೆಯ ಮುಂಬಯಿ ಏಳು ದ್ವೀಪಗಳನ್ನು ಕೂಡಿಸಿ ಕಟ್ಟಿದ ಊರು. ಸುತ್ತಲೂ ಸಮುದ್ರ. ಬಾವಿ, ಕೆರೆಗಳ ನೀರೇ ಗತಿ. ಎಷ್ಟೋ ಬಾವಿಗಳಲ್ಲಿ ಉಪ್ಪು. ಊರು ಚಿಕ್ಕದಿದ್ದಾಗ ಹೇಗೋ ನಡೆಯಿತು. ಹತ್ತಿ ವ್ಯಾಪಾರ ಬೆಳೆದು, 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡತೊಡಗಿದ ಕಾಲಕ್ಕೆ ಜನ ತುಂಬಿಕೊಂಡಿದ್ದರು. ಆ ದಶಕದ ನಡುವೆ ಮಳೆ ಕೈಕೊಟ್ಟಾಗ ಕೆರೆಗಳು ಬತ್ತಿ ನಗರ ಕಂಗಾಲಾಯಿತು. ಎಂಜಿನಿಯರ್ ಹೆನ್ರಿ ಕಾನಿಬೇರ್ ಸಾಷ್ಟಿಯ ಬೆಟ್ಟಗಳಲ್ಲಿ ಹುಟ್ಟುವ ಮೀಠಿ ನದಿಗೆ ಅಡ್ಡಗಟ್ಟೆ ಹಾಕುವ ಯೋಜನೆ ಸಿದ್ಧಪಡಿಸಿದ. 1856ರಲ್ಲಿ ಕೆಲಸ ಶುರುವಾಗಿ 1860ರಲ್ಲಿ ವಿಹಾರ್ ಕೆರೆ ತುಂಬಿತು. ಕೊಳವೆಯಲ್ಲಿ ನೀರು ಮೊದಲ ಸಲ ಮುಂಬಯಿಗೆ ಹರಿಯಿತು. 1864ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಎಂಟು ಲಕ್ಷ ದಾಟಿತ್ತು.

ವಿಹಾರ್ ಸಾಲದಾಯಿತು. ಅದರ ಉತ್ತರಕ್ಕೆ, ಇನ್ನೂ ಎತ್ತರದಲ್ಲಿ, 1879ರ ಹೊತ್ತಿಗೆ ತುಳಸಿ ಕೆರೆ ಸಿದ್ಧವಾಯಿತು. ಕುಡಿಯುವ ನೀರು ಕೆಡಬಾರದು ಎಂಬ ಕಾರಣಕ್ಕೆ ಎರಡೂ ಕೆರೆಗಳ ಜಲಾನಯನ ಪ್ರದೇಶವನ್ನು ಸ್ವಾಧೀನಕ್ಕೆ ತೆಗೆದುಕೊಂಡು, ಬೇಸಾಯವನ್ನೂ ವಸತಿಯನ್ನೂ ದೂರವಿಟ್ಟರು. ಉದ್ದೇಶ ಕಾಡಿನ ರಕ್ಷಣೆಯಲ್ಲ, ನೀರಿನ ಶುದ್ಧಿ. ಆದರೆ ಪರಿಣಾಮ ಒಂದೇ ಆಯಿತು. ಮರ ನಿಂತಿತು, ಅದರ ನೆರಳಲ್ಲಿ ಪ್ರಾಣಿಗಳೂ ನಿಂತವು.

ಕಾಡು ನೀರನ್ನು ಕಾಯುವ ಬಗೆ ಸರಳವಾದದ್ದು. ಬೋಳುಗುಡ್ಡದ ಮೇಲೆ ಬಿದ್ದ ಮಳೆ ಮಣ್ಣನ್ನು ಹೊತ್ತುಕೊಂಡು ಒಂದೇ ಉಸಿರಿಗೆ ಇಳಿದುಬಿಡುತ್ತದೆ. ಕೆರೆಯಲ್ಲಿ ಹೂಳು ತುಂಬುತ್ತದೆ. ಕಾಡಿದ್ದಲ್ಲಿ ಮಳೆಹನಿಯ ಪೆಟ್ಟನ್ನು ಎಲೆಗಳು ತಾಳಿಕೊಳ್ಳುತ್ತವೆ, ನೆಲದ ಮೇಲಿನ ತರಗೆಲೆ ಸ್ಪಂಜಿನಂತೆ ಹೀರುತ್ತದೆ, ಬೇರುಗಳು ಮಣ್ಣನ್ನು ಹಿಡಿದುಕೊಳ್ಳುತ್ತವೆ. ನೀರು ನಿಧಾನವಾಗಿ, ತಿಳಿಯಾಗಿ ಕೆರೆ ಸೇರುತ್ತದೆ. ಇದಕ್ಕೆ ಸಾಕ್ಷಿ ಬೇಕಾದರೆ ವಿಹಾರದ ದಕ್ಷಿಣಕ್ಕೆ ಅಂಟಿಕೊಂಡಂತಿರುವ ಪವಾಯಿ ಕೆರೆಯನ್ನು ನೋಡಬೇಕು. 1890ರ ಆಸುಪಾಸಿನಲ್ಲಿ ಅದನ್ನೂ ಕುಡಿಯುವ ನೀರಿಗೆಂದೇ ಕಟ್ಟಿದರು. ನೀರಿನ ಗುಣ ಮೊದಲಿನಿಂದಲೂ ತೃಪ್ತಿಕರವಾಗಿರಲಿಲ್ಲ. ಆಮೇಲೆ ದಡದ ತುಂಬ ಕಟ್ಟಡಗಳೆದ್ದವು. ಹೊಲಸು ನೀರು ಸೇರಿತು, ಅಂತರಗಂಗೆ ಹಬ್ಬಿತು. ಪವಾಯಿಯ ನೀರು ಇಂದು ಕುಡಿಯಲು ಬರುವುದಿಲ್ಲ. ಕಾಡಿನ ಒಳಗಿರುವ ವಿಹಾರ್, ತುಳಸಿಗಳ ನೀರನ್ನು ನಗರ ಇಂದಿಗೂ ಕುಡಿಯುತ್ತಿದೆ.

ಕಾವಲು ಸಡಿಲವಾದದ್ದು

1892ರಲ್ಲಿ ದೂರದ ತಾನ್ಸಾದಿಂದ ನೀರು ಬಂತು. ಇಪ್ಪತ್ತನೆಯ ಶತಮಾನದಲ್ಲಿ ವೈತರಣಾ, ಭಾತ್ಸಾಗಳು ಸೇರಿದವು. ಇಂದು ಮುಂಬಯಿಗೆ ಬೇಕಾದ ನೀರಿನ ಬಹುಪಾಲು ಆ ದೂರದ ಜಲಾಶಯಗಳಿಂದಲೇ ಬರುತ್ತದೆ. ವಿಹಾರ್ ಮತ್ತು ತುಳಸಿಯ ಪಾಲು ತೀರ ಚಿಕ್ಕದು. ಅಂದರೆ, ಯಾವ ಕಾರಣಕ್ಕಾಗಿ ನಗರ ಕಾಡನ್ನು ಉಳಿಸಿಕೊಂಡಿತ್ತೋ ಆ ಕಾರಣವೇ ದುರ್ಬಲವಾಗುತ್ತಾ ಬಂತು. ಅದೇ ಹೊತ್ತಿಗೆ ನೆಲದ ಹಸಿವು ಏರುತ್ತಾ ಹೋಯಿತು.

ಕಾನೂನಿನ ಕಾವಲು ಆಗ ನೆರವಿಗೆ ಬಂತು. ಮೊದಲಿಗೆ ಇಲ್ಲಿದ್ದದ್ದು ಇಪ್ಪತ್ತು ಚದರ ಕಿಲೋಮೀಟರಿನಷ್ಟು ಜಾಗದ ‘ಕೃಷ್ಣಗಿರಿ’ ಉದ್ಯಾನ. 1969ರಲ್ಲಿ ಸುತ್ತಲಿನ ಮೀಸಲು ಅರಣ್ಯಗಳನ್ನೂ ಕೆರೆಗಳ ಪ್ರದೇಶವನ್ನೂ ಕೂಡಿಸಿ ದೊಡ್ಡದು ಮಾಡಿದರು. 1970ರ ದಶಕದಲ್ಲಿ ಇದು ಬೋರಿವಲಿ ರಾಷ್ಟ್ರೀಯ ಉದ್ಯಾನವೆಂದು ಹೆಸರಾಯಿತು. 1980ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಸಂಜಯ್ ಗಾಂಧಿಯವರ ಹೆಸರು ಬಂದದ್ದು ಆಮೇಲೆ.

ಆದರೆ ಕಾಗದದ ಮೇಲಿನ ಗೆರೆ ನೆಲದ ಮೇಲೆ ನಿಲ್ಲಲಿಲ್ಲ. ಕಾಡಿನ ಅಂಚಿನಲ್ಲಿ ಕಲ್ಲು ಕ್ವಾರಿಗಳು ನಡೆದವು. ಕೂಲಿಗೆ ಬಂದವರು ಅಲ್ಲೇ ಗುಡಿಸಲು ಹಾಕಿದರು. ನಗರಕ್ಕೆ ಅವರ ದುಡಿಮೆ ಬೇಕಿತ್ತು, ಅವರಿಗೆ ಕೊಡಲು ಮನೆ ಇರಲಿಲ್ಲ. 1995ರಲ್ಲಿ ಪರಿಸರ ಸಂಘಟನೆಯೊಂದು ಮುಂಬಯಿ ಹೈಕೋರ್ಟಿನ ಮೊರೆ ಹೋಯಿತು. 1997ರಲ್ಲಿ ಕೋರ್ಟು ಒತ್ತುವರಿ ತೆರವಿಗೆ ಆಜ್ಞೆ ಮಾಡಿತು. ಸಾವಿರಾರು ಗುಡಿಸಲುಗಳು ನೆಲಸಮವಾದವು. ಹಳೆಯ ದಾಖಲೆ ತೋರಿಸಿ ಹಣ ಕಟ್ಟಿದವರಿಗೆ ಚಾಂದಿವಲಿಯಲ್ಲಿ ಮನೆಗಳ ಏರ್ಪಾಡಾಯಿತು. ದಾಖಲೆ ಇಲ್ಲದವರ ಪಾಲಿಗೆ ಬೀದಿಯೇ ಗತಿಯಾಯಿತು. ಬುಲ್ಡೋಜರ್ ಮೊದಲು ಬಂದದ್ದು ಗುಡಿಸಲಿಗೆ; ಕಾಡಿನ ನೋಟವನ್ನೇ ಬಂಡವಾಳ ಮಾಡಿಕೊಂಡು ಅಂಚಿನಲ್ಲಿ ಎದ್ದ ಬಹುಮಹಡಿ ಕಟ್ಟಡಗಳಿಗಲ್ಲ ಎಂಬ ಮಾತು ಆಗಲೂ ಕೇಳಿಬಂತು, ಈಗಲೂ ಕೇಳುತ್ತದೆ.

ಇವರೆಲ್ಲರಿಗಿಂತ ಮೊದಲಿನಿಂದ ಇಲ್ಲಿ ಇರುವವರು ವಾರ್ಲಿ ಮೊದಲಾದ ಆದಿವಾಸಿಗಳು. ಅವರ ಪಾಡಾಗಳು ಕಾಡಿನ ಒಳಗೂ ಅಂಚಿನಲ್ಲೂ ಇವೆ. ಅವರಿಗೆ ವಾಘೋಬಾ ಎಂಬ ದೇವರಿದ್ದಾನೆ; ಹುಲಿ, ಚಿರತೆಗಳ ರೂಪದ ದೈವ. ಕಲ್ಲಿನಲ್ಲೋ ಮರದಲ್ಲೋ ಆತನ ರೂಪ ಕಡೆದು ವರ್ಷಕ್ಕೊಮ್ಮೆ ಪೂಜೆ ಸಲ್ಲಿಸುತ್ತಾರೆ. ತುಳುನಾಡಿನವರಿಗೆ ಪಿಲಿಚಾಮುಂಡಿ ಇದ್ದಂತೆ. ಕಾಡಿನಲ್ಲಿ ಇನ್ನೊಬ್ಬ ಯಜಮಾನನಿದ್ದಾನೆ, ಅವನೊಡನೆ ಹೊಂದಿಕೊಂಡು ಬಾಳಬೇಕು ಎಂಬ ತಿಳಿವಳಿಕೆ ಆ ಪೂಜೆಯ ಹಿಂದಿದೆ.

ಚಿರತೆ ಕಲಿಸಿದ ಪಾಠ

ಹೊಸ ನಗರಕ್ಕೆ ಆ ತಿಳಿವಳಿಕೆ ಬಂದದ್ದು ಬಹಳ ದುಬಾರಿ ಬೆಲೆ ತೆತ್ತ ಮೇಲೆ. 2002ರಿಂದ ಉದ್ಯಾನದ ಅಂಚಿನಲ್ಲಿ ಚಿರತೆಗಳು ಜನರ ಮೇಲೆ ಎರಗುವುದು ಹೆಚ್ಚಿತು. 2004ರಲ್ಲಿ ಪರಿಸ್ಥಿತಿ ಕೈಮೀರಿತು. ಆ ಒಂದೇ ವರ್ಷ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಮಕ್ಕಳು ಬಹಳ. ಬಯಲುಕಡೆಗೆಂದು ಕತ್ತಲಲ್ಲಿ ಪೊದೆಯ ಬದಿಗೆ ಹೋದವರು, ಅಂಗಳದಲ್ಲಿ ಆಡುತ್ತಿದ್ದವರು. ಜನ ರೊಚ್ಚಿಗೆದ್ದರು. ಅರಣ್ಯ ಇಲಾಖೆ ಎಲ್ಲೆಲ್ಲೂ ಬೋನುಗಳನ್ನಿಟ್ಟು ಸಿಕ್ಕ ಚಿರತೆಗಳನ್ನು ಹಿಡಿಯಿತು.

ಇಲ್ಲೇ ಒಂದು ವಿಚಿತ್ರವಿತ್ತು. ಹಿಡಿದಷ್ಟೂ ದಾಳಿ ನಿಲ್ಲಲಿಲ್ಲ. ಇದರ ಗುಟ್ಟು ತಿಳಿಯಲು ಪುಣೆ ಜಿಲ್ಲೆಯ ಜುನ್ನರ್‌ಗೆ ಹೋಗಬೇಕು. ಅಲ್ಲಿ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ತಲೆತಲಾಂತರದಿಂದ ಸಂಸಾರ ಹೂಡಿದ್ದವು. 2001ರಿಂದ ಅವುಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ಕಾಡುಗಳಿಗೆ ಸಾಗಿಸತೊಡಗಿದರು. ಕಾಡುಪ್ರಾಣಿ ಕಾಡಿನಲ್ಲಿರಬೇಕು ಎಂಬುದು ಮೇಲುನೋಟಕ್ಕೆ ಸರಿಯಾದ ಮಾತೇ. ಆದರೆ ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ನಡೆಸಿ, 2011ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ಜುನ್ನರ್ ಪ್ರದೇಶದಲ್ಲಿ ಮೊದಲು ವರ್ಷಕ್ಕೆ ಸರಾಸರಿ 4 ದಾಳಿಗಳು ನಡೆಯುತ್ತಿದ್ದವು. ಸಾಗಾಟ ಶುರುವಾದ ಮೇಲೆ ಅದು 17ಕ್ಕೆ ಏರಿತು. ದಾಳಿಗಳಲ್ಲಿ ಸಾವಿನಲ್ಲಿ ಕೊನೆಗೊಂಡವು ಶೇಕಡ 18 ಇದ್ದದ್ದು 36 ಆಯಿತು.

ಕಾರಣ ಪ್ರಾಣಿಯ ಸ್ವಭಾವದಲ್ಲಿದೆ. ಚಿರತೆಗೆ ತನ್ನದೇ ಆದ ಸರಹದ್ದು ಇರುತ್ತದೆ. ಅಲ್ಲಿ ಎಲ್ಲಿ ನೀರಿದೆ, ಎಲ್ಲಿ ಅಡಗಬಹುದು, ಜನ ಯಾವ ಹೊತ್ತಿಗೆ ಎಲ್ಲಿ ಓಡಾಡುತ್ತಾರೆ ಎಂಬುದೆಲ್ಲ ಅದಕ್ಕೆ ಗೊತ್ತು. ಜನರ ಕಣ್ಣು ತಪ್ಪಿಸಿ ಬಾಳುವುದೇ ಅದರ ಜಾಣತನ. ಅಂಥದನ್ನು ಬೋನಿನಲ್ಲಿ ಹಿಡಿದು, ಗಾಬರಿಗೊಳಿಸಿ, ಗುರುತಿಲ್ಲದ ಜಾಗದಲ್ಲಿ ಬಿಟ್ಟರೆ ಅದು ದಿಕ್ಕೆಡುತ್ತದೆ. ಅಲ್ಲಿ ಮೊದಲೇ ಬೇರೆ ಚಿರತೆಗಳ ಸರಹದ್ದು ಇರುತ್ತದೆ. ಹೊಸದು ಅಂಚಿಗೆ ಸರಿಯುತ್ತದೆ, ಇಲ್ಲವೇ ತನ್ನ ಊರಿನ ದಾರಿ ಹಿಡಿಯುತ್ತದೆ. ಅತ್ತ ತೆರವಾದ ಜಾಗಕ್ಕೆ ಇನ್ನೊಂದು ಹರೆಯದ ಚಿರತೆ ಬರುತ್ತದೆ. ಬೋರಿವಲಿಯ ಕಾಡಿನಲ್ಲೂ ಅಂಚಿನಲ್ಲಿ ಹಿಡಿದವುಗಳನ್ನಲ್ಲದೆ ಬೇರೆಡೆಯಿಂದ ತಂದವುಗಳನ್ನೂ ಬಿಡಲಾಗಿತ್ತು. ರೋಗಕ್ಕೆ ಕೊಟ್ಟ ಮದ್ದೇ ರೋಗವನ್ನು ಉಲ್ಬಣಗೊಳಿಸಿತ್ತು.

2011ರಲ್ಲಿ ಅರಣ್ಯ ಇಲಾಖೆ ದಾರಿ ಬದಲಿಸಿತು. ವಿಜ್ಞಾನಿಗಳು, ಪೊಲೀಸರು, ಪತ್ರಕರ್ತರು, ನಾಗರಿಕರು ಕೂಡಿದ ಕಾರ್ಯಕ್ರಮವೊಂದು ಶುರುವಾಯಿತು. ಚಿರತೆ ಕಣ್ಣಿಗೆ ಬಿತ್ತು ಎಂದ ಮಾತ್ರಕ್ಕೆ ಹಿಡಿಯುವುದಿಲ್ಲ ಎಂದು ತೀರ್ಮಾನವಾಯಿತು. ಅದರ ಬದಲು ಕೇಳಿದ ಪ್ರಶ್ನೆ: ಚಿರತೆ ಊರೊಳಗೆ ಬರುವುದೇಕೆ? ಉತ್ತರ ಕಸದ ರಾಶಿಯಲ್ಲಿತ್ತು. ಕಸ ಇದ್ದಲ್ಲಿ ಬೀದಿನಾಯಿ, ಹಂದಿ. ನಾಯಿ ಇದ್ದಲ್ಲಿ ಚಿರತೆ. ಆದ್ದರಿಂದ ಕಸ ಎತ್ತಬೇಕು, ಕತ್ತಲಿದ್ದಲ್ಲಿ ದೀಪ ಹಾಕಬೇಕು, ಶೌಚಾಲಯ ಕಟ್ಟಬೇಕು, ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. ಸಮಸ್ಯೆ ಕಾಡಿನದೆಂದು ಎಲ್ಲರೂ ತಿಳಿದಿದ್ದರು, ಪರಿಹಾರ ಪುರಸಭೆಯ ಕೆಲಸವಾಗಿ ಕಂಡಿತು!

ನಂತರದ ವರ್ಷಗಳಲ್ಲಿ ಸಾವುಗಳು ಬಹುಮಟ್ಟಿಗೆ ಕಡಿಮೆಯಾದವು. ಚಿರತೆಗಳು ಮಾತ್ರ ಕಡಿಮೆಯಾಗಲಿಲ್ಲ. 2015ರ ಕ್ಯಾಮರಾ ಗಣತಿಯಲ್ಲಿ ಉದ್ಯಾನ ಮತ್ತು ಸುತ್ತಲಿನ ಪ್ರದೇಶದಲ್ಲಿ 35 ಚಿರತೆಗಳು ಕಂಡವು. 2018ರ ಗಣತಿಯಲ್ಲಿ ಮರಿಗಳನ್ನು ಬಿಟ್ಟು 47. ಚಿರತೆಗಳು ಇಷ್ಟು ದಟ್ಟವಾಗಿ ಬದುಕುವ ಜಾಗಗಳು ಜಗತ್ತಿನಲ್ಲಿ ಹೆಚ್ಚಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಕುತೂಹಲದ ಅಂದಾಜು ಮಾಡಿತು. ಇಲ್ಲಿನ ಚಿರತೆಗಳು ವರ್ಷಕ್ಕೆ ಸುಮಾರು 1,500 ಬೀದಿನಾಯಿಗಳನ್ನು ತಿನ್ನುತ್ತವೆ. ಅದರಿಂದ ಸಾವಿರದಷ್ಟು ನಾಯಿಕಡಿತದ ಪ್ರಕರಣಗಳು ತಪ್ಪುತ್ತವೆ. ಹುಚ್ಚುನಾಯಿ ರೋಗದ ಭಯವೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಆದರೂ ಎಲ್ಲವೂ ಸುಸೂತ್ರವಾಯಿತು ಎನ್ನುವಂತಿಲ್ಲ. 2017ರಲ್ಲಿ ಉದ್ಯಾನಕ್ಕೆ ಹೊಂದಿಕೊಂಡ ಆರೇ ಪ್ರದೇಶದಲ್ಲಿ ಒಂದು ಮಗು ಚಿರತೆಗೆ ಬಲಿಯಾಯಿತು. 2022ರ ದೀಪಾವಳಿಯ ದಿನ ಬೆಳಗಿನ ಜಾವ ಅದೇ ಆರೇಯಲ್ಲಿ ಎರಡು ವರ್ಷವೂ ತುಂಬದ ಇನ್ನೊಂದು ಮಗು. ಬಾಲ್ಕನಿಯಲ್ಲಿ ನಿಂತು ಕಾಡಿನ ತಂಪು ಅನುಭವಿಸುವವರು ಒಬ್ಬರು, ಅದೇ ಕಾಡಿನ ಅಂಚಿನಲ್ಲಿ ಬಾಗಿಲು ಭದ್ರವಿಲ್ಲದ ಮನೆಯಲ್ಲಿ ಮಕ್ಕಳನ್ನು ಮಲಗಿಸುವವರು ಇನ್ನೊಬ್ಬರು. ಸಹಬಾಳ್ವೆ ಎಂಬ ಮಾತಿನ ಲಾಭ, ನಷ್ಟಗಳು ಸಮನಾಗಿ ಹಂಚಿಕೆಯಾಗಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಮೇಲೆ ಕಾಡು, ಕೆಳಗೆ ಸುರಂಗ

ಈ ಆರೇ 1949ರಲ್ಲಿ ಹುಟ್ಟಿದ ಹಾಲಿನ ಕಾಲೊನಿ. ನಗರದ ಕೊಟ್ಟಿಗೆಗಳಲ್ಲಿದ್ದ ಎಮ್ಮೆಗಳನ್ನು ಊರ ಹೊರಗೆ ಸಾಗಿಸಲು ಮಾಡಿದ ಏರ್ಪಾಡು. ಉದ್ಯಾನದ ಗಡಿಯೊಳಗೆ ಸೇರದಿದ್ದರೂ ಅದು ಕಾಡಿನ ಸೆರಗು. ಮನುಷ್ಯರ ನಕ್ಷೆಯಲ್ಲಿರುವ ಗಡಿ ಚಿರತೆಯ ನಕ್ಷೆಯಲ್ಲಿಲ್ಲ. 2019ರ ಅಕ್ಟೋಬರ್ ಮೊದಲ ವಾರ ಮೆಟ್ರೊ ರೈಲಿನ ಡಿಪೊಗಾಗಿ ಇಲ್ಲಿ ರಾತ್ರೋರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿದಾಗ ಜನ ಬೀದಿಗಿಳಿದರು. ಸುಪ್ರೀಂ ಕೋರ್ಟು ಮಧ್ಯೆ ಬರುವ ಹೊತ್ತಿಗೆ ಬಹುಪಾಲು ಮರಗಳು ಉರುಳಿದ್ದವು. ಆರೇಯ ಒಂದು ಭಾಗವನ್ನು ಮೀಸಲು ಅರಣ್ಯವಾಗಿ ಘೋಷಿಸುವ ಕ್ರಮ ಆಮೇಲೆ ನಡೆಯಿತು. ಡಿಪೊವೂ ಅಲ್ಲೇ ಆಯಿತು. 2024ರಲ್ಲಿ ಆ ಮಾರ್ಗದ ಮೆಟ್ರೊ ಓಡತೊಡಗಿತು.

ಅದೇ 2024ರ ಜುಲೈನಲ್ಲಿ ಉದ್ಯಾನದ ಅಡಿಯಲ್ಲಿ ಹಾದುಹೋಗುವ ಎರಡು ರಸ್ತೆ ಸುರಂಗ ಯೋಜನೆಗಳಿಗೆ ಚಾಲನೆ ಸಿಕ್ಕಿತು. ಒಂದು ಠಾಣೆಯಿಂದ ಬೋರಿವಲಿಗೆ, ಇನ್ನೊಂದು ಗೋರೆಗಾಂವ್‌ನಿಂದ ಮುಲುಂಡ್‌ಗೆ. ಕಾಡನ್ನು ಸೀಳಿ ರಸ್ತೆ ಮಾಡುವುದಕ್ಕಿಂತ ಸುರಂಗ ಮೇಲು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಬೆಟ್ಟದ ಬಂಡೆಯ ಬಿರುಕುಗಳಲ್ಲೇ ನೀರು ಹರಿಯುತ್ತದೆ, ಅದರ ಮೇಲೆಯೇ ಕೆರೆಗಳು ನಿಂತಿವೆ ಎಂಬ ಆತಂಕವೂ ಸುಳ್ಳಲ್ಲ.

ನಗರಕ್ಕೆ ಈ ಕಾಡಿನ ನೀರಿನ ಅಗತ್ಯ ಕಡಿಮೆಯಾಗಿದೆ ಎನ್ನುವುದು ಕೊಳಾಯಿಯ ಲೆಕ್ಕವಷ್ಟೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕಸ, ಹೂಳು, ಕಟ್ಟಡಗಳಿಂದ ಕಿರಿದಾಗಿದ್ದ ಮೀಠಿ ನದಿ ಉಕ್ಕಿ ಊರನ್ನು ಮುಳುಗಿಸಿತು. ನೂರಾರು ಮಂದಿ ಸತ್ತರು. ಮೀಠಿ ಹುಟ್ಟುವುದು ವಿಹಾರ್ ಮತ್ತು ಪವಾಯಿಯ ಕೋಡಿ ನೀರಿನಿಂದ. ದಹಿಸರ್, ಪೊಯ್ಸರ್ ನದಿಗಳೂ ಇದೇ ಬೆಟ್ಟಗಳಲ್ಲಿ ಹುಟ್ಟುತ್ತವೆ. ಅಂಥ ಮಳೆಯನ್ನು ಪೂರ್ತಿ ತಡೆಯುವ ಶಕ್ತಿ ಯಾವ ಕಾಡಿಗೂ ಇಲ್ಲ. ಆದರೆ ಆ ಬೆಟ್ಟಗಳ ಮೇಲೆ ಕಾಡಿನ ಬದಲು ಕಾಂಕ್ರೀಟ್ ಇದ್ದಿದ್ದರೆ ಕೆಳಗಿನ ಊರಿನ ಗತಿ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಹಿಂದೆ ನೀರು ಸಾಲದೆಂದು ನಗರ ಈ ಕಾಡಿನ ಬಳಿ ಹೋಯಿತು. ಈಗ ನೀರು ಹೆಚ್ಚಾದಾಗಲೂ ಅದೇ ಕಾಡು ಬೇಕಾಗಿದೆ.

ಕಾನ್ಹೇರಿಯ ತೊಟ್ಟಿಗಳಲ್ಲಿ ಪ್ರತಿ ಮಳೆಗಾಲವೂ ನೀರು ತುಂಬುತ್ತದೆ. ಕುಡಿಯಲು ಭಿಕ್ಷುಗಳಿಲ್ಲ, ಮಂಗಗಳಿವೆ, ಹಕ್ಕಿಗಳಿವೆ. ಎರಡು ಸಾವಿರ ವರ್ಷಗಳ ಹಿಂದೆ ಅದನ್ನು ಕೊರೆದವರು ಬೆಟ್ಟವನ್ನು ಬದಲಿಸಲು ಹೋಗಲಿಲ್ಲ. ಮಳೆ ಎತ್ತ ಹರಿಯುತ್ತದೆಂದು ನೋಡಿ, ಅತ್ತ ಒಂದು ತೊಟ್ಟಿ ಇಟ್ಟರು. ಚಿರತೆ ಎತ್ತ ನಡೆಯುತ್ತದೆಂದು ನೋಡಿ ತನ್ನ ಅಂಗಳ ಗುಡಿಸಿ, ದೀಪ ಹಚ್ಚಿಕೊಂಡಾಗ ಮುಂಬಯಿ ಕಲಿತದ್ದೂ ಅದನ್ನೇ. ಆ ಪಾಠ ಎಷ್ಟು ಕಾಲ ನೆನಪಿರುತ್ತದೆ ಎನ್ನುವುದರ ಮೇಲೆ ಕಾಡಿನ ಅಳಿವು ಉಳಿವು ಮಾತ್ರವಲ್ಲ, ಅದರ ಕೆಳಗಿನ ಊರಿನ ನೆಮ್ಮದಿಯೂ ನಿಂತಿದೆ.